ಸೊನ್ನೆ ಮಳೆಯಲ್ಲಿ ಪಾಸಾದ ಟೆಸ್ಟ್

ಮಳೆಯ ಅಂಕಿಯನ್ನು ಅಕ್ಷರವಾಗಿಸುವ ನನ್ನ ನಲವತ್ತು ಸಾಲಿನ ಕೋಡ್ ಕೊಟ್ಟ ಕೂಡಲೇ, ಅದನ್ನು ಮಿಷನ್ನಿನ ಭಾಷೆಗೆ ಇಳಿಸಬೇಕಾದ ಹೊಸ ಕಂಪೈಲರ್ ಕ್ರ್ಯಾಶ್ ಆಯಿತು. ಎರರ್ ತೋರಿಸಿ ನಿಂತಿದ್ದರೆ ತಪ್ಪು ನನ್ನದೇ ಅಂದುಕೊಳ್ಳುತ್ತಿದ್ದೆ. ಇದು ಕೋಡ್ ಓದುತ್ತಾ ಓದುತ್ತಾ ತಾನೇ ಬಿದ್ದುಹೋಯಿತು!

ನಾನು ಗೋಣಿಕೊಪ್ಪಲಿನಲ್ಲಿ ಕೂತು ಎಸ್ಟೇಟುಗಳಿಗೆ ಮಳೆ ಅಳೆಯುವ ಪುಟ್ಟ ಮಿಷನ್ ಮಾಡಿಕೊಡುತ್ತೇನೆ. ತೋಟದೊಳಗೆ ಇಂಟರ್ನೆಟ್ ಎಲ್ಲಿ ಬರಬೇಕು... ಎಸ್ಸೆಮ್ಮೆಸ್ ಮಾತ್ರ ಹೇಗೋ ಹೋಗುತ್ತದೆ.

ಅದಕ್ಕೇ ಮಿಷನ್ನಿನೊಳಗಿನ ಬೈಟುಗಳನ್ನು ಮೂರು ಮೂರಾಗಿ ತೆಗೆದು, ನಾಲ್ಕು ನಾಲ್ಕು ಇಂಗ್ಲಿಷ್ ಅಕ್ಷರ ಮಾಡಿ ಕಳಿಸಬೇಕು. ಫೋನಿನಲ್ಲಿ ಅದು ಮತ್ತೆ ಅಂಕಿಯಾಗುತ್ತದೆ. ಆ ಭಾಗವೇ ಕಂಪೈಲ್ ಆಗುತ್ತಿಲ್ಲ. ಹಳೆಯ ಕಂಪೈಲರಿಗೋ ಮಿಷನ್ನಿನ ಈ ಹೊಸ ಚಿಪ್ ಗೊತ್ತೇ ಇಲ್ಲ.

ಅತ್ತ ಬಾಳೆಲೆಯ ದೇವಮ್ಮ ಆಂಟಿ ಕಾಯುತ್ತಿದ್ದಾರೆ. ಅವರ ತೋಟದ ಒಂದು ತುಂಡು ದೂರದಲ್ಲಿದೆ, ಆನೆ ಓಡಾಡುವ ದಾರಿಯ ಆಚೆ. ಬೆಳಿಗ್ಗೆ ಎದ್ದು ಹೋಗಿ ಮಳೆ ನೋಡಿ ಬರುವ ಹಾಗಿಲ್ಲ.

ಮೊಗ್ಗು ಅರಳಿಸುವ ಬೇಸಿಗೆಯ ಹೂಮಳೆ ಸಾಲದಿದ್ದರೆ ಅವತ್ತೇ ಸ್ಪ್ರಿಂಕ್ಲರ್ ಹಾಕಬೇಕು, ಇಲ್ಲದಿದ್ದರೆ ಕಾಫಿ ಹೂ ಕೆಡುತ್ತದೆ. ಸಾಕಷ್ಟು ಬಿದ್ದಿದ್ದರೆ ನೀರನ್ನು ಉಳಿಸಿ, ಇಪ್ಪತ್ತು ದಿನದ ನಂತರ ಕೊಡುವ ಎರಡನೇ ನೀರಿಗೆ, ಅಂದರೆ ಬ್ಯಾಕಿಂಗಿಗೆ, ಇಡಬೇಕು. ಈ ವರ್ಷ ಅವರ ಕೆರೆಯಲ್ಲಿದ್ದದ್ದು ಒಂದೇ ಸುತ್ತಿನ ನೀರು.

"ನಿನ್ನ ಮಿಷನ್ ಹೇಳಿದ ಹಾಗೆ ಮಾಡುದು ನಾನು. ಸರಿ ನೋಡ್ಕೋ ಮಾರಾಯ್ತಿ" ಅಂದಿದ್ದರು.

ಆ ಕಂಪೈಲರ್ ಮಾಡುವವರು ಎಲ್ಲೆಲ್ಲೋ ಇರುವ ಸ್ವಯಂಸೇವಕರು. ನನ್ನ ಕೋಡನ್ನು ಕತ್ತರಿಸಿ ಕತ್ತರಿಸಿ, ಕ್ರ್ಯಾಶ್ ಆಗಲು ಬೇಕಾದ ಒಂಬತ್ತೇ ಸಾಲು ಉಳಿಸಿ ಅವರಿಗೆ ಕಳಿಸಿದೆ. ಮೂರನೇ ದಿನ ರಿಪೇರಿ ಮಾಡಿದ ಆವೃತ್ತಿ ಬಂತು, ಟೆಸ್ಟ್ ಮಾಡಿ ಹೇಳಿ ಎಂಬ ಮಾತಿನ ಜೊತೆ.

ಕ್ರ್ಯಾಶ್ ಮಾಯ! ಮಿಷನ್ ಒಯ್ದು ಬಾಳೆಲೆಯ ಆ ದೂರದ ತುಂಡಿನಲ್ಲಿ ನೆಟ್ಟೆ. ನಾಲ್ಕು ದಿನ ನಾಲ್ಕು ಎಸ್ಸೆಮ್ಮೆಸ್, ನಾಲ್ಕೂ ಸರಿ. ಟೆಸ್ಟ್ ಪಾಸ್ ಅಂತ ಆಂಟಿಗೆ ಫೋನಿನಲ್ಲೇ ಜಂಬ ಕೊಚ್ಚಿಕೊಂಡೆ.

ಪಕ್ಕದಲ್ಲಿದ್ದ ಎಸ್ಟೇಟ್ ರೈಟರ್ ಗಣೇಶಣ್ಣ ಫೋನ್ ತೆಗೆದುಕೊಂಡರು. ದಿನಾ ಬೆಳಿಗ್ಗೆ ಎಂಟಕ್ಕೆ ಮಳೆ ಬುಕ್ ಬರೆಯುವವರು ಅವರೇ.

"ಮೇಡಂ, ಈ ನಾಲ್ಕು ದಿನ ಒಂದು ಹನಿ ಬಿದ್ದಿಲ್ಲ. ಇಂಥ ಬಿಸಿಲಲ್ಲಿ ನಾನೂ ಮಳೆ ಗೇಜ್ ಹತ್ರ ಹೋಗದೆ ಸೊನ್ನೆ ಬರೀತೇನೆ. ಅದೂ ಪಾಸಾ?"

ನನ್ನ ಮುಖ ಆಗ ಯಾರೂ ನೋಡದಿದ್ದದ್ದೇ ಪುಣ್ಯ. ನಾಲ್ಕು ಸೊನ್ನೆ ಕಳಿಸಿ ನಾಲ್ಕು ಸೊನ್ನೆ ಬಂತು ಅಂತ ಕುಣಿದಿದ್ದೆ!

ಅವರ ಮಳೆ ಬುಕ್ಕಿನ ಹಳೆಯ ಜೂನ್-ಜುಲೈ ಪುಟಗಳ ಫೋಟೋ ತರಿಸಿಕೊಂಡೆ. ನಮ್ಮಲ್ಲಿ ಮಳೆ ಲೆಕ್ಕ ಇಂಚು, ಸೆಂಟಿನಲ್ಲಿ. ನೂರು ಸೆಂಟಿಗೆ ಒಂದು ಇಂಚು. ಒಂದೊಂದೇ ಅಂಕಿಯನ್ನು ನನ್ನ ಕೋಡಿಗೆ ಹಾಕಿ ನೋಡುತ್ತಾ ಹೋದೆ.

ನೂರ ಇಪ್ಪತ್ತೇಳು ಸೆಂಟ್ ತನಕ ಸರಿ. ಅದರ ಮೇಲೆ ಎಲ್ಲವೂ ತಪ್ಪು... ಕ್ರ್ಯಾಶ್ ನಿಲ್ಲಿಸುವ ಭರದಲ್ಲಿ ಆ ರಿಪೇರಿ ನೂರ ಇಪ್ಪತ್ತೆಂಟನ್ನು ಸದ್ದಿಲ್ಲದೆ ನುಂಗುತ್ತಿತ್ತು. ಒಂದು ಇಂಚು ನಲವತ್ತೆರಡು ಸೆಂಟ್ ಬಿದ್ದ ದಿನಕ್ಕೆ ಬರೀ ಹದಿನಾಲ್ಕು ಸೆಂಟ್ ತೋರಿಸಿತು.

ನಾಚಿಕೆ ಬಿಟ್ಟು ಎಲ್ಲವನ್ನೂ ಬರೆದು ಕಳಿಸಿದೆ. ಅವರು ಸರಿಯಾಗಿ ರಿಪೇರಿ ಮಾಡಿದರು. ಗಣೇಶಣ್ಣನ ಅಂಕಿಗಳನ್ನು ತಮ್ಮ ರಿಗ್ರೆಷನ್ ಟೆಸ್ಟಿಗೂ ಸೇರಿಸಿಕೊಂಡರು. ಹಳೇ ತಪ್ಪು ಮತ್ತೆ ನುಸುಳದ ಹಾಗೆ ಪ್ರತಿ ಹೊಸ ಆವೃತ್ತಿಗೂ ಮಾಡುವ ಪರೀಕ್ಷೆ ಅದು. ಇನ್ನು ಆ ಕಂಪೈಲರ್ ಪ್ರತಿ ಸಲವೂ ಬಾಳೆಲೆಯ ಜುಲೈ ಮಳೆ ದಾಟಿಯೇ ಹೊರಗೆ ಬರಬೇಕು.

ಬಾಳೆಲೆಗೆ ಹೋಗಿ ಮಿಷನ್ನಿಗೆ ಹೊಸ ಕೋಡ್ ತುಂಬಿಸಿ ಬಂದೆ. ಮೊನ್ನೆ ಸಂಜೆ ಹೂಮಳೆ ಬಂತು. ಬೆಳಿಗ್ಗೆ ಎಂಟಕ್ಕೆ ಎಸ್ಸೆಮ್ಮೆಸ್: ಒಂದು ಇಂಚು ಮೂವತ್ತಾರು ಸೆಂಟ್.

"ಸ್ಪ್ರಿಂಕ್ಲರ್ ಹಾಕುದಾ ಬೇಡ್ವಾ, ಅದೊಂದು ಹೇಳು" ಅಂದರು ಆಂಟಿ.

ಹೂವಿಗೆ ಒಂದು ಇಂಚು ದಾಟಿದರೆ ಸಾಕು, ಬೇಡ ಅಂದೆ. ಹೇಳಿದ್ದೇನೋ ಹೇಳಿಬಿಟ್ಟೆ, ಆಮೇಲೆ ಆ ಎಸ್ಸೆಮ್ಮೆಸ್ಸನ್ನು ಮತ್ತೆ ಮತ್ತೆ ಬಿಡಿಸಿ ನೋಡಿದೆ. ದಾರಿಯಲ್ಲಿ ಆನೆ ನಿಂತಿದೆಯಂತೆ, ಯಾರೂ ಹೋಗುವಂತಿಲ್ಲ.

ಮಧ್ಯಾಹ್ನ ಆನೆ ಸರಿದ ಮೇಲೆ ಗಣೇಶಣ್ಣ ಜೀಪಿನಲ್ಲಿ ಹೋಗಿ, ಅಲ್ಲಿದ್ದ ಹಳೇ ಗೇಜಿನ ನೀರನ್ನು ಅಳತೆ ಗ್ಲಾಸಿಗೆ ಸುರಿದು ಫೋನ್ ಮಾಡಿದರು. "ಒಂದು ಮೂವತ್ತಾರು, ಮೇಡಂ. ಸರಿಯುಂಟು."

ಅತ್ತೇಬಿಟ್ಟೆ. ಮೊದಲ ರಿಪೇರಿಯನ್ನೇ ನಂಬಿದ್ದರೆ ಮಿಷನ್ ಎಂಟು ಸೆಂಟ್ ಅನ್ನುತ್ತಿತ್ತು, ಅಷ್ಟು ಹೊತ್ತಿಗೆ ಆಂಟಿಯ ಕೆರೆ ಅರ್ಧ ಖಾಲಿಯಾಗಿರುತ್ತಿತ್ತು.

ಈಗ ನಾನೂ, ಮಳೆ ಬಿದ್ದಾಗ ನಮ್ಮೂರಲ್ಲಿ ಎಲ್ಲರೂ ಕೇಳುವ ಹಾಗೆ, ನೆಮ್ಮದಿಯಾಗಿ ಕೇಳಬಹುದು... ನಿಮ್ಮ ಕಡೆ ಎಷ್ಟು ಸೆಂಟ್ ಬಿತ್ತು?