‘ಏಳು’ ಎಂದದ್ದು ಯಾರು?

ಇಂಥ ಸಂಗತಿಗಳನ್ನು ಬೇರೆಯವರು ಹೇಳಿದಾಗ ನಾನು ನಂಬಿದವಳಲ್ಲ. ಮಂಡ್ಯದ ಒಂದು ಪ್ರೌಢಶಾಲೆಯಲ್ಲಿ ಹದಿನೆಂಟು ವರ್ಷದಿಂದ ಗಣಿತ ಕಲಿಸುತ್ತಿದ್ದೇನೆ. ಸ್ಟಾಫ್ ರೂಮಿನಲ್ಲಿ ಯಾರಾದರೂ ಹುಣಸೆಮರ, ಸ್ಮಶಾನ ಎಂದು ಶುರು ಮಾಡಿದರೆ, “ನೀವು ಮೊದಲೇ ಹೆದರಿದ್ದಿರಿ, ಅದಕ್ಕೇ ಹಾಗೆ ಕಂಡಿತು” ಎಂದು ಮಾತು ಮುಗಿಸಿಬಿಡುತ್ತಿದ್ದೆ. ಇದನ್ನು ಓದಿ ನೀವೂ ನನಗೆ ಅದನ್ನೇ ಹೇಳಬಹುದು. ಹೇಳಿ, ಬೇಸರವಿಲ್ಲ. ಆದರೆ ಅದು ನಡೆಯುವಾಗ ನಾನು ಹೆದರಿರಲಿಲ್ಲ. ಹೆದರಿಕೆ ಬಂದದ್ದು ಆಮೇಲೆ, ಇನ್ನೂ ಪೂರ್ತಿ ಹೋಗಿಲ್ಲ.

ನಾಲ್ಕು ವರ್ಷದ ಹಿಂದಿನ ಮಾತು. ಗೆಳತಿ ಭಾಗ್ಯ ಕೆರಗೋಡಿನವಳು, ಮಂಡ್ಯದಲ್ಲಿ ನರ್ಸ್. ನಲವತ್ತು ದಾಟಿದ ಮೇಲೆ ನಮ್ಮಿಬ್ಬರಿಗೂ ಬೆಟ್ಟ ಹತ್ತುವ ಹುಚ್ಚು ಹಿಡಿಯಿತು. ಒಮ್ಮೆ ಸಣ್ಣ ಗುಡ್ಡವೊಂದರಲ್ಲೇ ದಾರಿ ತಪ್ಪಿ, ಕುಡಿಯುವ ನೀರೂ ಮುಗಿದು, ಕುರಿ ಕಾಯುವವರೊಬ್ಬರ ಹಿಂದೆ ತಲೆ ತಗ್ಗಿಸಿಕೊಂಡು ಇಳಿದು ಬಂದೆವು.

“ಹಿಂಗೇ ಸುತ್ತುದ್ರೆ ಒಂದಿನ ಪೇಪರಲ್ಲಿ ಬತ್ತೀವಿ ಕಣಮ್ಮಿ. ಮೊದ್ಲು ಸರ್ಯಾಗಿ ಕಲ್ತ್ಕಳನ” ಎಂದವಳು ಭಾಗ್ಯಳೇ. ಹಾಗೆ ಮುತ್ತತ್ತಿ ಕಡೆಯ ಕಾಡಂಚಿನಲ್ಲಿ ನಡೆಯುವ ಎರಡು ದಿನದ ತರಬೇತಿಗೆ ಸೇರಿದೆವು.

ಕಲಿಯಲು ಬಂದವರು ಒಟ್ಟು ಏಳು ಜನ. ಕಲಿಸುವವರು ಹಲಗೂರಿನ ಮಾದಯ್ಯ, ಅರಣ್ಯದಲ್ಲಿ ವಾಚರ್ ಆಗಿದ್ದು ನಿವೃತ್ತರಾದವರು. ಚೀಲದಲ್ಲಿ ಭಾರದ ಸಾಮಾನು ಬೆನ್ನಿಗೆ ಒತ್ತಿಕೊಂಡಿರುವಂತೆ ತುಂಬುವುದು, ಹೊಳೆಯ ನೀರನ್ನು ಸೋಸಿ ಕುದಿಸುವುದು, ನಕ್ಷೆಯ ಮೇಲೆ ದಿಕ್ಸೂಚಿ ಇಟ್ಟು ದಾರಿ ಹಿಡಿಯುವುದು, ಎಲ್ಲವನ್ನೂ ಮೊದಲ ದಿನ ಹೇಳಿಕೊಟ್ಟರು. ಎಲ್ಲರ ಕೊರಳಿಗೂ ಒಂದೊಂದು ಸೀಟಿ ಕಟ್ಟಿಸಿದರು.

“ದಾರಿ ತಪ್ತು ಅನ್ನುಸ್ತಾ? ನಿಂತ್ಕಬುಡಿ. ಒಂದೆಜ್ಜೆನೂ ಇಡಬ್ಯಾಡಿ. ಮೂರು ಸಲ ಊದಿ. ಬೇರೆಯೋರು ಊದಿದ್ದು ಕೇಳುಸ್ತಾ? ಆಗ್ಲೂ ನಿಂತ್ಕಬುಡಿ” ಎಂದು ಎಷ್ಟು ಸಲ ಹೇಳಿದರೋ.

ಎರಡನೆಯ ದಿನ ಊಟವಾದ ಮೇಲೆ ಕಾಡಿನೊಳಗೆ ಸಾಲಾಗಿ ನಡೆಯುವ ಪಾಠ. ಎಲ್ಲರಿಗಿಂತ ಮುಂದೆ ಮಾದಯ್ಯ, ಅವರ ಹಿಂದೆ ನಾವು ಏಳು ಮಂದಿ. ನಾನು ಆರನೆಯವಳು. ಭಾಗ್ಯ ಏಳನೆಯವಳು, ಅವಳೇ ಕೊನೆ. ಮಾದಯ್ಯ ಆಗಾಗ “ಲೆಕ್ಕ!” ಎಂದು ಕೂಗಿದರೆ ಮುಂದಿನಿಂದ ಒಬ್ಬೊಬ್ಬರೂ ತಮ್ಮ ಸಂಖ್ಯೆ ಹೇಳಬೇಕು. ಏಳು ಕೇಳಿಸಿತೆಂದರೆ ಎಲ್ಲರೂ ಇದ್ದಾರೆಂದು ಅರ್ಥ.

ಒಳ್ಳೆಯ ಬಿಸಿಲಿತ್ತು. ಕಾಲಡಿಯಲ್ಲಿ ಒಣಗಿದ ತರಗೆಲೆ, ಹೆಜ್ಜೆ ಇಟ್ಟರೆ ಹಪ್ಪಳ ಮುರಿದ ಹಾಗೆ ಸದ್ದು. ಮೊದಲ ಎರಡು ಲೆಕ್ಕ ಮಾಮೂಲಿನಂತೆ ನಡೆದವು. ಮೂರನೆಯದರಲ್ಲಿ ನಾನು “ಆರು” ಎಂದೆ, ಹಿಂದಿನಿಂದ “ಏಳು” ಬಂತು. ಭಾಗ್ಯಳದೇ ದನಿ. ಅವಳಿಗೆ ಶೀತವಾಗಿ ದನಿ ಒಡೆದಿತ್ತು. ಆ ಒಡಕೂ ಹಾಗೇ ಇತ್ತು. ಆದರೆ ತೀರಾ ಹತ್ತಿರ, ನನ್ನ ಭುಜದ ಮೇಲೇ ಬಾಯಿಟ್ಟು ಹೇಳಿದಷ್ಟು ಹತ್ತಿರ. ನಾಲ್ಕನೆಯ ಸಲವೂ ಹಾಗೆಯೇ.

“ಯಾಕಮ್ಮಿ ಹಿಂಗ್ ಮೇಲ್ ಬೀಳ್ತೀಯ, ಸ್ವಲ್ಪ ದೂರ ಬಾ” ಎಂದು ನಗುತ್ತಲೇ ಹೇಳಿದೆ. ಆಗ ನನಗೆ ಹೊಳೆಯಿತು: ಮುಂದಿನವರ ಕಾಲಡಿಯಲ್ಲಿ ತರಗೆಲೆ ಸದ್ದು ಮಾಡುತ್ತಿದೆ, ನನ್ನ ಹಿಂದೆ ಇಲ್ಲ.

ತಿರುಗಿ ನೋಡಿದೆ. ನಡೆದು ಬಂದ ದಾರಿ ದೂರದವರೆಗೂ ನೇರವಾಗಿ ಕಾಣುತ್ತಿತ್ತು. ಯಾರೂ ಇರಲಿಲ್ಲ.

ನಿಂತಲ್ಲೇ ಸೀಟಿಯನ್ನು ಮೂರು ಸಲ ಊದಿದೆ. ಮಾದಯ್ಯ ಓಡಿ ಬಂದರು. ಭಾಗ್ಯ ಇಲ್ಲವೆಂದೆ.

“ಈಗ್ತಾನೇ ಏಳು ಅಂದ್ರಲ್ಲವ್ವ, ನಂಗೇ ಕೇಳುಸ್ತಲ್ಲ!” ಎಂದರು. ನನ್ನ ಮುಂದಿದ್ದ ಮದ್ದೂರಿನ ಹುಡುಗಿಯೂ ಕೇಳಿಸಿತೆಂದಳು. ಮಾದಯ್ಯನವರ ಮುಖ ಬಿಳಿಚಿಕೊಂಡಿತು. ನಮ್ಮೆಲ್ಲರನ್ನೂ ಒಂದು ಮರದ ಬುಡದಲ್ಲಿ ಕೂರಿಸಿ, “ಊದ್ತಾನೇ ಇರಿ, ಯಾರೂ ಅಲ್ಲಾಡ್ಬ್ಯಾಡಿ” ಎಂದು ಹೇಳಿ ಬಂದ ದಾರಿಯಲ್ಲೇ ಹಿಂದಕ್ಕೆ ಹೋದರು.

ನಾನು ಊದುತ್ತಲೇ ಇದ್ದೆ. ಬಾಯೊಣಗಿ ತುಟಿ ಮರಗಟ್ಟಿತು. ನನ್ನ ಹಿಂದೆ ಮರವಿತ್ತು, ಆದರೂ ಬೆನ್ನು ಒರಗಿಸಲು ಧೈರ್ಯವಾಗಲಿಲ್ಲ. ಬಹಳ ಹೊತ್ತಿನ ಮೇಲೆ ಕೆಳಗೆ ಹೊಳೆಯ ಕಡೆಯಿಂದ ಮೂರು ಸಲ ಸೀಟಿ ಕೇಳಿಸಿತು. ಇನ್ನೂ ಅರ್ಧ ಗಂಟೆ ಕಳೆದ ಮೇಲೆ ಮಾದಯ್ಯ ಭಾಗ್ಯಳ ಕೈ ಹಿಡಿದು ಕರೆತಂದರು. ನಾನು ತಬ್ಬಿಕೊಳ್ಳಲು ಹೋದೆ. ಅವಳು ಎರಡು ಹೆಜ್ಜೆ ಹಿಂದೆ ಸರಿದಳು.

“ನೀನು ಇಲ್ಲಿದ್ಯಾ?” ಎಂದಳು.

ಹೊಳೆಗೆ ಬಾಗಿದ ಬಂಡೆಯ ತುದಿಯಲ್ಲಿ ಅವಳು ನಿಂತಿದ್ದಳಂತೆ. ಕೆಳಗೆ ಮಡು. ಬಿಡಾರಕ್ಕೆ ಬಂದು ಟೀ ಕುಡಿದ ಮೇಲೆ ಅವಳು ನಡೆದದ್ದನ್ನು ಹೇಳಿದಳು.

“ಶೂ ಲೇಸ್ ಕಟ್ಟಕ್ಕೆ ಒಂದ್ಸಲ ಬಗ್ಗಿದ್ದೆ ಕಣಮ್ಮಿ. ಎದ್ದಾಗ ನೀನು ಮುಂದೇನೇ ಇದ್ದೆ. ನಿನ್ ನೀಲಿ ಬ್ಯಾಗ್ ನೋಡ್ಕಂಡೇ ಬಂದೆ. ನೀನು ಆರು ಅಂದೆ, ನಾನು ಏಳು ಅಂದೆ. ಆಮೇಲೆ ಎಲ್ಲೋ ದೂರದಲ್ಲಿ ಸೀಟಿ ಕೇಳುಸ್ತು. ಯಾರೋ ತಪ್ಪುಸ್ಕಂಡವ್ರೆ ಅಂತ ನಿಂತ್ಕಂಡೆ. ನಿಂತು ನೋಡುದ್ರೆ ಮುಂದೆ ನೀನಿಲ್ಲ. ಹೊಳೆ ಐತೆ.”

ಬಿಸಿಲಿನ ಆಯಾಸವೆಂದು ನನಗೆ ನಾನೇ ಎಷ್ಟೋ ಸಲ ಹೇಳಿಕೊಂಡಿದ್ದೇನೆ. ಬಂಡೆಗಳ ನಡುವೆ ದನಿ ಎಲ್ಲಿಂದೆಲ್ಲಿಗೋ ಹೋಗುತ್ತದೆ ಎಂದೂ ಲೆಕ್ಕ ಹಾಕಿದ್ದೇನೆ. ಅಷ್ಟು ದೂರದ ದನಿ ನನ್ನ ಭುಜದ ಮೇಲೆ ಬಂದು ಕೂತದ್ದು ಹೇಗೆ? ಅವಳ ಮುಂದೆ ನಡೆದ ನೀಲಿ ಚೀಲ ಯಾರದು? ಹೊರಡುವಾಗ ಮಾದಯ್ಯನವರನ್ನು ಕೇಳಿದೆ. “ನಂಗೊತ್ತಿಲ್ಲ ಕಣವ್ವ. ಗೊತ್ತಿದ್ರೆ ನಿಮ್ಮುನ್ನ ಆ ಕಡೀಕ್ ಕರ್ಕಂಡೋಯ್ತಿದ್ನಾ?” ಎಂದು ಸಿಡುಕಿದರು. ಸಿಡುಕಿದ್ದು ಭಯಕ್ಕೆ ಎಂದು ಆಗಲೇ ಗೊತ್ತಾಯಿತು.

ಕಳೆದ ತಿಂಗಳು ಕೆರಗೋಡಿನಲ್ಲಿರುವ ಭಾಗ್ಯಳ ಮನೆಗೆ ಹೋಗಿದ್ದೆ. ಅಡುಗೆಮನೆಯಲ್ಲಿ ನಾವಿಬ್ಬರೇ. ಅವರೆಕಾಯಿ ಬಿಡಿಸುತ್ತಾ, ತಲೆ ಎತ್ತದೆ ಭಾಗ್ಯ ಹೇಳಿದಳು:

“ನಾನು ಅವತ್ತು ಒಂದು ಮಾತು ಹೇಳ್ಲಿಲ್ಲ ಕಣಮ್ಮಿ. ನಾನು ಏಳು ಅಂದ ಮೇಲೆ ನನ್ ಹಿಂದ್ಗಡೆಯಿಂದ ಎಂಟು ಅಂದ್ರು.”

ಯಾರ ದನಿ ಎಂದು ಕೇಳಿದೆ. ಅವಳು ಬುಟ್ಟಿ ಕೆಳಗಿಟ್ಟು, ಒಲೆಯ ಮೇಲಿನ ಹಾಲು ನೋಡಲು ಎದ್ದು ಹೋದಳು. ಹಾಲು ಇನ್ನೂ ಬಿಸಿಯಾಗಿರಲಿಲ್ಲ. ನಾನು ಮತ್ತೆ ಕೇಳಲಿಲ್ಲ.