ಕಾಸೀಂಬಿಯ ಹೊಟ್ಟೆಯ ಮಾತು

ತಿಕೋಂಡಿಯಲ್ಲಿ ಕಾಸೀಂಬಿ ಹೊಲಿದ ಕೌದಿ ಹೊದೆಯದ ಮನೆ ಕಡಿಮೆ. ಹಳೆಯ ಸೀರೆ, ಧೋತರ ಕೊಟ್ಟರೆ ಸಾಕು, ಇರುವೆ ಸಾಲಿನಂಥ ಹೊಲಿಗೆ ಹಾಕಿಕೊಡುತ್ತಿದ್ದಳು. ಕೊನೆಯ ಮೂಲೆ ಮುಚ್ಚುವ ಮುನ್ನ ಒಳಗೆ ರೊಟ್ಟಿಯ ಚೂರೊಂದನ್ನು ಇಡುವುದು ಅಲ್ಲಿನ ವಾಡಿಕೆ. ಕೌದಿಯ ಹೊಟ್ಟೆ ಹಸಿದಿರಬಾರದು.

ಸಾವಿರದ ಒಂಬೈನೂರ ತೊಂಬತ್ತಾರರಲ್ಲಿ ಅವಳಿಗೆ ವಿಷಮಜ್ವರ ಬಂತು. ಗುಳಿಗೆ ನುಂಗಿ ನುಂಗಿ ಜ್ವರವೇನೋ ಬಿಟ್ಟಿತು. ಹೊಟ್ಟೆ ಮಾತ್ರ ಕೆಟ್ಟೇ ಉಳಿಯಿತು. ಅದರ ಬೆನ್ನಿಗೇ ಬೆರಳು, ಮೊಣಕಾಲು, ಸೊಂಟದಲ್ಲಿ ನೋವು ಮನೆ ಮಾಡಿತು.

“ಹೊಟ್ಟಿ ಕೆಟ್ಟ ದಿನಾನ ಕೀಲು ಹಿಡೀತಾವ. ನೋವು ಹೊಟ್ಟ್ಯಾಗಿಂದನ ಏಳತೈತಿ,” ಎಂದು ಅವಳು ಹೇಳಿದರೆ, ಕುರಿ ವ್ಯಾಪಾರದ ಗಂಡ ಯಾಕೂಬ ಮನೆ ಮುಂದಿನ ಕಟ್ಟೆಯ ಮೇಲಿದ್ದವರಿಗೆಲ್ಲ ಕೇಳುವಂತೆ ನಗುತ್ತಿದ್ದ.

“ಕೇಳ್ರಿಪಾ! ಹೊಟ್ಟಿ ಎಲ್ಲಿ, ಬೆರಳ ಎಲ್ಲಿ? ಕೆಲಸ ತಪ್ಪಸಾಕ ಹೊಸಾ ನೆವ!”

ಹುಳಿ ತಿಂದರೆ ಕೀಲು ಊದುತ್ತವೆಂದು ಅತ್ತೆ ಅವಳಿಗೆ ಮಜ್ಜಿಗೆ, ಹುಳಿ ಅಂಬಲಿ ಎರಡನ್ನೂ ಬಿಡಿಸಿದಳು. ಹುಟ್ಟಿದಾಗಿನಿಂದ ಅವನ್ನೇ ಉಂಡು ಬೆಳೆದವಳು ರೊಟ್ಟಿ, ಚಹಾ, ನೋವಿನ ಗುಳಿಗೆಯ ಮೇಲೆ ವರ್ಷಗಳನ್ನು ತಳ್ಳಿದಳು. ಗುಳಿಗೆ ಹೊಟ್ಟೆಯನ್ನು ಇನ್ನಷ್ಟು ಸುಟ್ಟಿತು. ಕಡೆಗೆ ಬೆರಳು ಸೂಜಿ ಹಿಡಿಯದಾದವು. ನೆರೆಮನೆಯ ಗೌರವ್ವನ ಕೌದಿ ಕೊನೆಯ ಮೂಲೆಗೆ ಬಂದು ನಿಂತುಬಿಟ್ಟಿತು.

ರೊಟ್ಟಿಯ ಚೂರು ಹಿಡಿದು ಬಂದ ಗೌರವ್ವನಿಗೆ ಕಾಸೀಂಬಿ, “ಕೌದಿ ಹೊಟ್ಟಿ ಚಿಂತಿ ಎಲ್ಲಾರಿಗೂ ಐತಿ ಯಕ್ಕಾ. ನನ್ನ ಹೊಟ್ಟಿ ಮಾತ ಯಾರೂ ಕೇಳವಲ್ರು,” ಎಂದಳು.

ಆ ಮಾತು ಗೌರವ್ವನಿಗೆ ನಾಟಿತು. ಯಾಕೂಬನ ಬೆನ್ನು ಹತ್ತಿ, ಹೆಂಡತಿಯನ್ನು ವಿಜಾಪುರಕ್ಕೆ ಕರೆದೊಯ್ಯುವಂತೆ ಮಾಡಿದಳು. ಅದು ಎರಡು ಸಾವಿರದ ಒಂಬತ್ತು. ಅಲ್ಲಿಯ ಡಾಕ್ಟರು ಅನುರಾಧಾ ನಡುವೆ ಬಾಯಿ ಹಾಕದೆ ಅವಳು ಹೇಳಿದ್ದೆಲ್ಲವನ್ನೂ ಕೇಳಿದರು.

“ಹೊಟ್ಟ್ಯಾಗ ಕಣ್ಣಿಗೆ ಕಾಣದ ಜೀವಾಣು ಭಾಳ ಇರ್ತಾವ್ರಿ ಅಮ್ಮಾ. ಜ್ವರದ ಗುಳಿಗಿ ಒಳ್ಳೇವನ್ನೂ ಕೊಲ್ಲತಾವ. ಅದಕ್ಕೂ ಮೈನೋವಿಗೂ ಸಂಬಂಧ ಇರಬಹುದು ಅಂತ ಶೋಧ ನಡದೈತಿ. ಖಾತ್ರಿ ಇನ್ನೂ ಇಲ್ಲ. ಆದ್ರ ನೀವು ಹೇಳೂದು ಸುಳ್ಳಲ್ಲ. ಮಜ್ಜಿಗ್ಯಾಗೂ ಒಳ್ಳೇ ಜೀವಾಣು ಇರ್ತಾವ, ಅದನ್ನ ಯಾಕ ಬಿಟ್ರಿ?”

ಕಾಸೀಂಬಿಯ ಕಣ್ಣು ತುಂಬಿತು. ಗಂಡನತ್ತ ತಿರುಗಿದಳು. ಅವನು ಡಾಕ್ಟರರ ಮುಖವನ್ನೇ ನೋಡುತ್ತ ತಲೆಯಾಡಿಸುತ್ತಿದ್ದ.

ಸಂಜೆ ಊರಿಗೆ ಬಂದವನೇ ಯಾಕೂಬ ಕಟ್ಟೆ ಏರಿದ. “ರೋಗದ ಬೇರ ಹೊಟ್ಟ್ಯಾಗ ಐತಿ. ನಾ ಮೊದಲಿಂದನೂ ಅದನ್ನ ಹೇಳಾಕತ್ತೀನಿ, ಈಕಿ ಎಲ್ಲಿ ಕೇಳ್ತಾಳ!” ಕೂತವರೆಲ್ಲ ಹೌದು ಹೌದೆಂದರು.

ಒಳಗೆ ಗೌರವ್ವ ಮಜ್ಜಿಗೆಯ ಚರಿಗೆ ತಂದಿದ್ದಳು. “ನೋವು ಹೆಂಗೈತಿ, ಕಾಸೀಂಬಿ?”

“ಹೊರಗ ಕುಂತಾರಲ್ಲ, ಅವರನ್ನ ಕೇಳ್ರಿ. ಇಷ್ಟ ವರ್ಷ ಆ ಹೊಟ್ಟಿ ಮಾತಾದ್ರೂ ನಂದಾಗಿತ್ತು. ಇವತ್ತ ಅದನ್ನೂ ಒಯ್ದ್ರು.”

ಗೌರವ್ವ ಚರಿಗೆಯನ್ನು ಅವಳ ಪಕ್ಕದಲ್ಲಿಟ್ಟು, ಮೂಲೆ ಮುಚ್ಚದ ತನ್ನ ಕೌದಿಯನ್ನು, ಉಳಿದದ್ದನ್ನು ತಾನೇ ಹೊಲಿಯಲೆಂದು, ಮಡಿಚಿಕೊಂಡು ಹೋದಳು.