ದನಿಯಿಂದ ಗುರುತಾದ ಅಕ್ಕ

ಮದುವೆಯಾಗಿ ಉಡುಪಿಯಿಂದ ಮುಂಬಯಿ ಹತ್ತಿರದ ಡೊಂಬಿವಲಿಗೆ ಬಂದ ಹೊಸತರಲ್ಲಿ ನನಗೆ ಹಿಂದಿಯಲ್ಲಿ ಬಾಯಿ ತೆರೆಯಲು ಹೆದರಿಕೆ. ತರಕಾರಿಯವನ ಹತ್ತಿರವೂ ಕೈ ತೋರಿಸಿಯೇ ವ್ಯಾಪಾರ. ಗಂಡ ಬೆಳಿಗ್ಗೆಯೇ ವಾಶಿಯ ಹೋಟೆಲಿಗೆ ಹೊರಟರೆ ಮನೆಯಲ್ಲಿ ನಾನು ಮತ್ತು ಮಾವ ಇಬ್ಬರೇ. ಮಾವ ಎಂಐಡಿಸಿ ಕೈಗಾರಿಕಾ ಪ್ರದೇಶದ ಒಂದು ಕಾರ್ಖಾನೆಯಲ್ಲಿ ಮೀಟರುಗಳನ್ನು ರಿಪೇರಿ ಮಾಡಿಕೊಂಡಿದ್ದು ನಿವೃತ್ತರಾದವರು. ಬಾಲ್ಕನಿಯನ್ನು ಮುಚ್ಚಿ ಮಾಡಿಕೊಂಡಿದ್ದ ಕೋಣೆಯಲ್ಲಿ ಅವರದೊಂದು ಮೇಜು, ಅದರ ಮೇಲೆ ಹ್ಯಾಮ್ ರೇಡಿಯೋ, ಹವ್ಯಾಸಿಗಳು ದೂರದೂರದವರೊಡನೆ ಮಾತಾಡುವ ಪೆಟ್ಟಿಗೆ. ಮೇಲೆ ಟೆರೇಸಿನಲ್ಲಿ ಎರಡು ಕಂಬಗಳ ನಡುವೆ ಕಟ್ಟಿದ ಅದರ ಆಂಟೆನಾ ತಂತಿ. ನೆರೆಯವರು ಅದನ್ನು ಬಟ್ಟೆ ಒಣಗಿಸುವ ಹಗ್ಗ ಎಂದುಕೊಂಡು ಆಗಾಗ ಚಾದರ ಹರವಿ ಹೋಗುತ್ತಿದ್ದರು.

ನಾನು ಚಹಾ ಕೊಡಲು ಹೋದಾಗಲೆಲ್ಲ ಆ ಪೆಟ್ಟಿಗೆಯಿಂದ ಯಾರಾದರೂ ಮಾತಾಡುತ್ತಿರುವುದು ಕೇಳುತ್ತಿತ್ತು. ಒಂದು ದಿನ ಅಲ್ಲೇ ನಿಂತುಬಿಟ್ಟೆ.

"ಕೂತ್ಕೋ ಮಗಾ," ಎಂದರು ಮಾವ. "ಇದರಲ್ಲಿ ಮಾತಾಡ್ಲಿಕ್ಕೆ ಹೆದರುವ ಅಗತ್ಯ ಇಲ್ಲ. ನಿನ್ನ ಮುಖ ಯಾರಿಗೂ ಕಾಣುವುದಿಲ್ಲ."

ಆ ಮಾತು ನನಗೆ ಹಿಡಿಸಿತು. ಮಧ್ಯಾಹ್ನಗಳಲ್ಲಿ ಅವರೇ ಪಾಠ ಹೇಳಿದರು. ಕಲಿತೆ, ಪರೀಕ್ಷೆ ಬರೆದೆ. ತಿಂಗಳುಗಟ್ಟಲೆ ಕಾದ ಮೇಲೆ ಪರವಾನಗಿ ಬಂತು. ಅದರ ಜೊತೆಗೆ ರೇಡಿಯೋದಲ್ಲಿ ಹೆಸರಿನ ಬದಲು ನನ್ನನ್ನು ಗುರುತಿಸುವ ಅಕ್ಷರಗಳೂ ಬಂದವು. ಊರಲ್ಲಿ ನಾನು ಇಂಥವರ ಮಗಳು, ಇಲ್ಲಿ ಇಂಥವರ ಸೊಸೆ. ಆ ಅಕ್ಷರಗಳು ಮಾತ್ರ ಪೂರಾ ನನ್ನವು.

ಮೊದಲ ಭಾನುವಾರ ಬೆಳಿಗ್ಗೆ ಮೈಕಿನ ಗುಂಡಿ ಒತ್ತಿ, ಯಾರಾದರೂ ಕೇಳುತ್ತಿದ್ದೀರಾ ಎಂದು ಮೂರು ಸಲ ಕರೆದೆ. ಸ್ವಲ್ಪ ಹೊತ್ತು ಬರೀ ಗರಗರ. ಆಮೇಲೆ ಹೆಂಗಸಿನ ದನಿಯೊಂದು ಹಿಂದಿಯಲ್ಲಿ ಉತ್ತರ ಕೊಟ್ಟಿತು. ನಾನು ತಡವರಿಸಿದ್ದನ್ನು ಕೇಳಿ ನಕ್ಕು, "ಕನ್ನಡದವರೇನ್ರಿ ನೀವು? ಮದ್ಲ ಹೇಳಬಾರದೇನ್ರಿ! ನಾನು ವಿಜಾಪುರದಾಕಿ, ಈಗ ಕಳವಾದಾಗ ಇರ್ತೀನಿ. ಕೇಳಿಸ್ತೈತಿಲ್ರಿ?" ಎಂದಿತು.

ಕಳವಾ ಅಂದರೆ ನಮ್ಮಿಂದ ಲೋಕಲ್ ರೈಲಿನಲ್ಲಿ ಇಪ್ಪತ್ತು ನಿಮಿಷ ಅಷ್ಟೆ. ಆದರೂ ಬಹಳ ದೂರದಿಂದ ಯಾರೋ ನನ್ನನ್ನು ಹುಡುಕಿಕೊಂಡು ಬಂದಂತೆ ಅನಿಸಿತು. ಅವರನ್ನು ಅಕ್ಕ ಎಂದೇ ಕರೆಯತೊಡಗಿದೆ. ಅವರ ಗಂಡ ರೈಲ್ವೆ ಕಾರ್‌ಶೆಡ್ಡಿನಲ್ಲಿ ಕೆಲಸಕ್ಕಿದ್ದರು. ಕ್ವಾರ್ಟರ್ಸಿನ ಕಿಟಕಿಯಿಂದ ಹೊರಗಿನ ಬೇವಿನ ಮರಕ್ಕೆ ತಂತಿ ಕಟ್ಟಿಕೊಂಡು ಅಕ್ಕ ಮಾತಾಡುತ್ತಿದ್ದರು. ಪ್ರತಿ ಮಾತಿನ ಕೊನೆಗೂ "ಕೇಳಿಸ್ತೈತಿಲ್ರಿ?" ಎನ್ನುವುದು ಅವರ ಅಭ್ಯಾಸ. ನಾಲ್ಕು ವರ್ಷ ಪ್ರತಿ ಭಾನುವಾರ ಮಾತಾಡಿದೆವು. ಠಾಣೆ ಪಟ್ಟಣದ ಆಫೀಸೊಂದರಲ್ಲಿ ಕೆಲಸ ಸಿಕ್ಕಿದ್ದನ್ನು ಅವರಿಗೆ ಹೇಳಿದ ಮೇಲೆಯೇ ಊರಿಗೆ ಫೋನು ಮಾಡಿದ್ದೆ. ಆದರೆ ಅವರ ಫೋನ್ ನಂಬರು ನನ್ನಲ್ಲಿರಲಿಲ್ಲ. ರೇಡಿಯೋದಲ್ಲಿ ಆಡಿದ್ದನ್ನು ಎಲ್ಲರೂ ಕೇಳುತ್ತಾರೆ, ನಂಬರು ಹೇಳಬೇಡ ಎಂದಿದ್ದರು ಮಾವ. ಭೇಟಿಯಾಗೋಣ ಎಂದು ನಾವಿಬ್ಬರೂ ಅಂದುಕೊಳ್ಳುವುದೇನೋ ಇತ್ತು, ಆದರೆ ಇಲ್ಲಿ ಭಾನುವಾರಗಳು ಬಟ್ಟೆ ಒಗೆಯುವುದರಲ್ಲೇ ಕಳೆಯುತ್ತವೆ.

ಒಂದು ಭಾನುವಾರ ಅಕ್ಕನ ದನಿ ಬರಲಿಲ್ಲ. ಮುಂದಿನ ವಾರವೂ ಇಲ್ಲ. ಮೊದಲ ಸಲ ಮಾತಾಡಿದ್ದರ ಗುರುತಿಗೆಂದು, ಹ್ಯಾಮ್‌ಗಳ ರೂಢಿಯಂತೆ, ಅಂಚೆಯಲ್ಲಿ ಪರಸ್ಪರ ಕಳಿಸಿಕೊಂಡಿದ್ದ ಕಾರ್ಡಿನ ಮೇಲೆ ಅವರ ವಿಳಾಸವಿತ್ತು. ಅಲ್ಲಿಗೆ ಪತ್ರ ಹಾಕಿದೆ. ಈ ವಿಳಾಸದಲ್ಲಿ ಇಲ್ಲ ಎಂದು ಬರೆಸಿಕೊಂಡು ಅದು ಹಿಂದಿರುಗಿತು. ಮಾವ ಅದನ್ನು ಎರಡು ಸಲ ತಿರುಗಿಸಿ ನೋಡಿ ಮೇಜಿನ ಮೇಲಿಟ್ಟರು. ಇಬ್ಬರಿಗೂ ಕೆಟ್ಟದ್ದೇ ತೋಚಿತ್ತು.

ಸುಮಾರು ಎಂಟು ತಿಂಗಳ ಮೇಲಿನ ಮಾತು. ಆಫೀಸು ಮುಗಿಸಿ ಠಾಣೆಯಲ್ಲಿ ಟಿಟ್ವಾಳಾ ಲೋಕಲ್ ಹತ್ತಿದ್ದೆ. ಲೇಡೀಸ್ ಡಬ್ಬಿಯಲ್ಲಿ ಕೈ ಎತ್ತಿದರೆ ಇಳಿಸಲು ಜಾಗವಿಲ್ಲ. ನನ್ನ ಬೆನ್ನ ಹಿಂದೆ ಯಾರೋ ಫೋನಿನಲ್ಲಿ, "ಗಾಡಿ ಮುಂಬ್ರಾ ದಾಟೇತಿ, ಅಕ್ಕಿ ನೆನಿ ಹಾಕಿಬಿಡ್ರಿ, ಕೇಳಿಸ್ತೈತಿಲ್ರಿ?" ಎಂದರು.

ತಿರುಗಲು ಆಗಲಿಲ್ಲ. ಕತ್ತು ಹೊರಳಿಸಿ, ಆ ಅಕ್ಕನ ಅಕ್ಷರಗಳನ್ನು ಒಂದೊಂದಾಗಿ ಗಟ್ಟಿಯಾಗಿ ಹೇಳಿದೆ. ಪಕ್ಕದವಳು ನನಗೇನೋ ಆಗಿದೆ ಎನ್ನುವಂತೆ ನೋಡಿದಳು. ಒಂದು ಕ್ಷಣ ಬಿಟ್ಟು ಹಿಂದಿನಿಂದ ನನ್ನ ಅಕ್ಷರಗಳು ಕೇಳಿಸಿದವು. ಆಮೇಲೆ, "ಅಯ್ಯ ನಮ್ಮವ್ವಾ, ನೀವಾ!"

ದನಿ ಕೇಳಿ ಎತ್ತರದ, ದಪ್ಪ ಮೈಯ ಹೆಂಗಸು ಎಂದುಕೊಂಡಿದ್ದೆ. ನನ್ನ ಭುಜಕ್ಕೂ ಬರದ, ದೊಡ್ಡ ಕನ್ನಡಕದ ಪುಟ್ಟ ಅಕ್ಕ ಅವರು. ಗದ್ದಲದಲ್ಲೇ ನನ್ನ ಕೆನ್ನೆ ಹಿಡಿದರು. ಡೊಂಬಿವಲಿ ಬಂತು, ನಾನು ಇಳಿಯಲಿಲ್ಲ. ಕಲ್ಯಾಣದಲ್ಲಿ ಡಬ್ಬಿ ಅರ್ಧ ಖಾಲಿಯಾಗಿ ಕೂರಲು ಜಾಗ ಸಿಕ್ಕ ಮೇಲೆ ಅಕ್ಕ ಎಲ್ಲವನ್ನೂ ಹೇಳಿದರು. ಗಂಡ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟಿದ್ದರು. ಟಿಟ್ವಾಳಾದಲ್ಲಿ ಫ್ಲ್ಯಾಟು ತೆಗೆದುಕೊಂಡಿದ್ದರು. ಸಾಮಾನು ಸಾಗಿಸುವಾಗ ನನ್ನ ವಿಳಾಸವಿದ್ದ ಕಾರ್ಡು ಕಳೆದುಹೋಗಿತ್ತು. ಹೊಸ ಹೌಸಿಂಗ್ ಸೊಸೈಟಿಯ ಸೆಕ್ರೆಟರಿ ಟೆರೇಸಿನಲ್ಲಿ ತಂತಿ ಕಟ್ಟಲು ಬಿಡಲಿಲ್ಲ.

"ಸೆಟ್ಟು ಕಪಾಟಿನ್ಯಾಗ ಸೀರಿ ಕೆಳಗ ಇಟ್ಟೀನ್ರಿ," ಎಂದರು. "ಭಾನುವಾರ ಮುಂಜಾನಿ ಆ ಕಪಾಟು ತಗಿಯಾಕ ಮನಸ್ಸಾಗಂಗಿಲ್ಲ."

ಮನೆಗೆ ಬಂದು ಹೇಳಿದಾಗ ಮಾವನ ಮುಖ ಅರಳಿತು. "ಬರುವ ಭಾನುವಾರ ಹೋಗುವ," ಎಂದರು. "ಜಗಳಕ್ಕಲ್ಲ, ಆ ಸೆಕ್ರೆಟರಿಗೆ ರೇಡಿಯೋ ಕೇಳಿಸ್ಲಿಕ್ಕೆ."

ಮಾವ ಜೋಳಿಗೆಯಲ್ಲಿ ತಂತಿ, ನೈಲಾನ್ ಹಗ್ಗ, ಬ್ಯಾಟರಿ ಹಾಕಿಕೊಂಡರು. ಬೆಳಗಿನ ಗಾಡಿಯಲ್ಲಿ ಗಣಪತಿ ಗುಡಿಗೆ ಹೊರಟವರ ನಡುವೆ ನಾವೂ ಹೋದೆವು. ಸೆಕ್ರೆಟರಿ ಒರಟನೇನಲ್ಲ. ಸಿಡಿಲು ಬಡಿಯುತ್ತದೆ, ಟಿವಿ ಕೆಡುತ್ತದೆ ಎಂದು ಯಾರೋ ಹೆದರಿಸಿದ್ದರು. "ಅಂಕಲ್, ಟೆರೇಸ್ ಪೇ ನಹೀಂ ಚಲೇಗಾ," ಟೆರೇಸಿನಲ್ಲಿ ಆಗುವುದಿಲ್ಲ ಎಂದ.

"ದಸ್ ಮಿನಿಟ್, ಭಾವೂ. ಫಿರ್ ನಿಕಾಲ್ ದೂಂಗಾ," ಹತ್ತೇ ನಿಮಿಷ, ಆಮೇಲೆ ಬಿಚ್ಚಿಬಿಡುತ್ತೇನೆ ಎಂದರು ಮಾವ. ಅವನ ಪರವಾನಗಿಗೆ ಕಾಯದೆ ಟೆರೇಸ್ ಹತ್ತುವವರಲ್ಲ ಅವರು. ನಿಂತೇ ಇದ್ದರು. ವಯಸ್ಸಾದವರೆಂದು ಅವನು ಬೀಗದ ಕೈ ತಂದ.

ತಂತಿಯನ್ನು ನೀರಿನ ಟ್ಯಾಂಕಿನಿಂದ ಪ್ಯಾರಪೆಟ್ಟಿನ ಕಬ್ಬಿಣಕ್ಕೆ ಎಳೆದೆವು. ಅಕ್ಕ ಸೀರೆಗಳ ಕೆಳಗಿನಿಂದ ಸೆಟ್ಟು ತಂದರು. ಮಾವ ಸೆಕ್ರೆಟರಿಯ ಊರು ಯಾವುದೆಂದು ವಿಚಾರಿಸಿದರು. ಕೊಲ್ಹಾಪುರದ ಕಡೆ ಎಂದ. ಅಕ್ಕ ಕರೆದರು, ಮತ್ತೆ ಕರೆದರು. ಐದಾರು ಜನ ಉತ್ತರ ಕೊಟ್ಟರು, ಅವರಲ್ಲೊಬ್ಬರು ಕೊಲ್ಹಾಪುರದವರೇ. ಅಲ್ಲಿ ಮಳೆ ಹೇಗಿದೆ ಎಂದು ಅಕ್ಕ ಮರಾಠಿಯಲ್ಲಿ ಕೇಳಿದರು. ನದಿ ತುಂಬಿದೆ, ಕಬ್ಬು ಚೆನ್ನಾಗಿದೆ ಎಂದು ಆ ದನಿ ಹೇಳುತ್ತಿದ್ದಾಗ ಸೆಕ್ರೆಟರಿ ಸ್ಪೀಕರಿಗೆ ಕಿವಿ ಹಚ್ಚಿ ಕೂತ. ಕೆಳಗೆ ಯಾರ ಟಿವಿಯೂ ಕೆಡಲಿಲ್ಲ. ಅವನು ಮನೆಗೆ ಫೋನು ಮಾಡಿ ಅದನ್ನೂ ಖಾತ್ರಿ ಮಾಡಿಕೊಂಡ.

ಹತ್ತು ನಿಮಿಷ ಎಂದಿದ್ದು ಎರಡು ಗಂಟೆಯಾಯಿತು. ಮೂಲೆಯಲ್ಲಿ ಕಟ್ಟಿಕೊಳ್ಳಿ, ಗುಡುಗು ಸಿಡಿಲು ಇದ್ದಾಗ ಬಿಚ್ಚಿಡಿ ಎಂದು ಕಾಗದದ ಮೇಲೆ ಬರೆದುಕೊಟ್ಟ. ಅಕ್ಕ ಜೋಳದ ರೊಟ್ಟಿ, ಎಣ್ಣೆಗಾಯಿ ಬಡಿಸಿದರು. ಮಾವನಿಗೆ ರೊಟ್ಟಿ ಅಗಿಯಲು ಕಷ್ಟ. ಆದರೂ ಎರಡು ತಿಂದರು.

ಅದೆಲ್ಲ ಆಗಿ ಬಹಳ ವರ್ಷಗಳಾದವು. ಮಾವ ತೀರಿಕೊಂಡ ವಾರ ನಾನು ಮೈಕು ಹಿಡಿದು ಸುದ್ದಿ ಹೇಳಲು ಹೋಗಿ, ಅರ್ಧಕ್ಕೆ ನಿಲ್ಲಿಸಿದೆ. ಅಕ್ಕ ಆ ಮಾತನ್ನು ಅಲ್ಲಿಂದಲೇ ಎತ್ತಿಕೊಂಡು ಮುಗಿಸಿಕೊಟ್ಟರು. ಗೊತ್ತಿದ್ದವರು, ಗೊತ್ತಿಲ್ಲದವರು ಒಬ್ಬೊಬ್ಬರಾಗಿ ಬಂದು ಅವರನ್ನು ನೆನೆದರು. ಪುಣೆಯವರೊಬ್ಬರು ಅವರಿಂದ ಬೆಸುಗೆ ಹಾಕುವುದನ್ನು ಕಲಿತೆ ಎಂದರು. ಅದು ನಮಗೆ ಗೊತ್ತೇ ಇರಲಿಲ್ಲ.

ಈಗ ನಮ್ಮ ಕಟ್ಟಡ ರೀಡೆವಲಪ್‌ಮೆಂಟಿಗೆ ಹೋಗಿದೆ, ಹಳೆಯದನ್ನು ಕೆಡವಿ ಹೊಸದು ಕಟ್ಟುತ್ತಿದ್ದಾರೆ. ಬಾಡಿಗೆ ಮನೆಗೆ ಟೆರೇಸಿನ ಹಕ್ಕಿಲ್ಲ. ಹಾಗಾಗಿ ತಿಂಗಳಿಗೊಮ್ಮೆ ನಾನೇ ಟಿಟ್ವಾಳಾಕ್ಕೆ ಹೋಗುತ್ತೇನೆ. ಅಕ್ಕನಿಗೆ ಈಗ ಮೆಟ್ಟಿಲು ಹತ್ತಲಾಗುವುದಿಲ್ಲ. ಕೆಳಗೆ ಕೋಣೆಯಲ್ಲಿ ಅಕ್ಕಪಕ್ಕ ಕೂತು ಒಂದೇ ಮೈಕನ್ನು ಸರದಿಯಂತೆ ಹಿಡಿಯುತ್ತೇವೆ. ಕಳೆದ ಸಲ ಬೆಳಗಾವಿಯ ಹೊಸಬರೊಬ್ಬರು ಸಿಕ್ಕಿದ್ದರು. ಮೊದಲ ಸಲವಂತೆ, ತುಂಬ ತಡವರಿಸುತ್ತಿದ್ದರು. ಅಕ್ಕ ಮೈಕನ್ನು ನನ್ನ ಕೈಗೆ ಕೊಟ್ಟು, "ನೀವ ಮಾತಾಡ್ಸ್ರಿ," ಎಂದು ಚಹಾಕ್ಕಿಡಲು ಎದ್ದರು.